ಗೇಟು ಬೆಳಗ್ಗೆಯೇ ತೆಗೆಯಿರಿ: ಹಳ್ಳಿಗಾಡಿನ ಬೇಸಿಗೆ ತಾಣಗಳ ಬಗ್ಗೆ ಒಂದು ಬಹಿರಂಗ ಪತ್ರ

ಬೇಸಿಗೆಯಲ್ಲಿ ತಮ್ಮ ಹೊಲ, ತೋಟಗಳನ್ನು ಜನರಿಗೆ ತೆರೆದಿಡುವ ರೈತರಿಗೆ, ಅಲ್ಲಿ ಮೇಳ ನಡೆಸುವ ಆಯೋಜಕರಿಗೆ ಮತ್ತು ಇವಕ್ಕೆಲ್ಲ ಅನುಮತಿ ಕೊಡುವ ಸ್ಥಳೀಯ ಆಡಳಿತದ ಅಧಿಕಾರಿಗಳಿಗೆ,

ನಮಸ್ಕಾರ.

ಹೋದ ಬೇಸಿಗೆ ರಜೆಯ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಸೂರ್ಯಕಾಂತಿ ಹೊಲ ನೋಡಲು ಹೋಗಿದ್ದೆವು. ನಾನು, ನನ್ನ ಗಂಡ, ಐದು ವರ್ಷದ ಮಗಳು, ಎಂಟು ತಿಂಗಳ ಮಗ, ಜೊತೆಗೆ ಮಂಡಿನೋವಿನ ನನ್ನ ಅಮ್ಮ. ಗೇಟು ತೆಗೆಯುವುದು ಹನ್ನೊಂದು ಗಂಟೆಗೆ. ಟಿಕೆಟ್ ಸಾಲಿನಲ್ಲಿ ನಿಂತು ಒಳಗೆ ಕಾಲಿಡುವಾಗ ಹನ್ನೆರಡು ದಾಟಿತ್ತು. ಎದುರಿಗೆ ಎಕರೆಗಟ್ಟಲೆ ಹೂವು. ಆದರೆ ಒಂದೂ ನಮ್ಮ ಕಡೆ ನೋಡುತ್ತಿರಲಿಲ್ಲ. ಕಾಣುತ್ತಿದ್ದದ್ದು ಬರೀ ಹಸಿರು ಬೆನ್ನು, ಬಾಗಿದ ಕತ್ತು.

"ಅಮ್ಮಾ, ಹೂವೆಲ್ಲ ಯಾಕೆ ನಮಗೆ ಬೆನ್ನು ಹಾಕಿ ನಿಂತಿವೆ?" ಅಂತ ಮಗಳು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಟಿಕೆಟ್ ಕೊಡುವ ಹುಡುಗನನ್ನು ಕೇಳಿದೆವು. "ಗೊತ್ತಿಲ್ಲ ಮೇಡಂ, ಮುಂದೆ ಸೆಲ್ಫಿ ಪಾಯಿಂಟ್ ಇದೆ, ಅಲ್ಲಿ ಫೋಟೊ ಚೆನ್ನಾಗಿ ಬರುತ್ತೆ" ಎಂದ. ರಜೆಯಲ್ಲಿ ಕೆಲಸಕ್ಕೆ ಬಂದ ಹುಡುಗ, ಅವನದೇನೂ ತಪ್ಪಿಲ್ಲ. ಉತ್ತರ ಸಿಕ್ಕಿದ್ದು ಬದುವಿನ ಹತ್ತಿರ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸಿನಿಂದ. "ಎಳೇದಿದ್ದಾಗ ಸೂರ್ಯ ಹೋದ ಕಡೆಗೆಲ್ಲ ತಿರುಗ್ತಾವೆ ಪುಟ್ಟಿ. ಬಲಿತು ಹೂ ಬಿಟ್ಟ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತುಬಿಡ್ತಾವೆ. ನೀವು ಪಡುವಣದ ಗೇಟಿಂದ ಬಂದ್ರಿ, ಅದಕ್ಕೇ ಬೆನ್ನು ಕಾಣ್ತದೆ" ಎಂದರು.

ಮನೆಗೆ ಬಂದು ಓದಿ ನೋಡಿದೆ. ಆಕೆ ಹೇಳಿದ್ದು ಅಕ್ಷರಶಃ ನಿಜ. 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ಪರೀಕ್ಷಿಸಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಎಳೆಯ ಗಿಡದ ಕಾಂಡ ಹಗಲಲ್ಲಿ ಒಂದು ಬದಿ, ರಾತ್ರಿ ಇನ್ನೊಂದು ಬದಿ ಜಾಸ್ತಿ ಬೆಳೆಯುವುದರಿಂದ ಅದು ಸೂರ್ಯನ ಜೊತೆ ತಿರುಗುತ್ತದೆ. ಬೆಳವಣಿಗೆ ನಿಂತಾಗ ತಿರುಗುವುದೂ ನಿಲ್ಲುತ್ತದೆ, ಮುಖ ಪೂರ್ವಕ್ಕೆ. ಪೂರ್ವಕ್ಕೆ ನೋಡುವ ಹೂವು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಕುಂಡದ ಗಿಡಗಳನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ಹೋಲಿಸಿದಾಗ, ಪೂರ್ವಕ್ಕೆ ಮುಖ ಮಾಡಿದ ಹೂವಿಗೆ ಐದು ಪಟ್ಟು ಹೆಚ್ಚು ದುಂಬಿ, ಜೇನು ಬಂದವಂತೆ. ಅಂದರೆ ಆ ಹೊಲ ನೋಡಲು ಸರಿಯಾದ ಹೊತ್ತು ಬೆಳಗ್ಗೆ ಏಳು, ಸರಿಯಾದ ಗೇಟು ಪೂರ್ವದ ಬದು. ನಮ್ಮನ್ನು ಒಳಗೆ ಬಿಟ್ಟದ್ದು ಮಟಮಟ ಮಧ್ಯಾಹ್ನ, ಪಶ್ಚಿಮದಿಂದ. ರಸ್ತೆ ಆ ಕಡೆ ಇತ್ತು, ಅಷ್ಟೇ ಕಾರಣ.

ಆ ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. ಒಂದು ದೊಡ್ಡ ಹೂವನ್ನು ಮೆಲ್ಲಗೆ ಬಗ್ಗಿಸಿ ಮಗಳ ಮುಖದ ಹತ್ತಿರ ತಂದರು. "ಇದು ಒಂದು ಹೂವು ಅಂದ್ಕೊಂಡ್ಯಾ? ಒಳಗೆ ಸಾವಿರ ಹೂವಿದೆ ನೋಡು" ಎಂದರು. ನಿಜ, ನಡುವಿನ ಬಟ್ಟಲು ತುಂಬ ಒತ್ತಾಗಿ ಕೂತಿರುವ ಪ್ರತಿಯೊಂದು ಚುಕ್ಕಿಯೂ ಒಂದು ಪುಟ್ಟ ಹೂವೇ. ಅಂಚಿನ ಸಾಲು ಮೊದಲು ಅರಳುತ್ತದೆ, ದಿನದಿನಕ್ಕೂ ಒಳಗಿನ ಸಾಲು. ನಾವು ನೋಡಿದ ಹೂವಿನಲ್ಲಿ ಹೊರಗಿನ ಸುತ್ತು ಅರಳಿ ಹಳದಿ ಪುಡಿ ಉದುರಿಸುತ್ತಿತ್ತು, ನಡುವಿನದು ಇನ್ನೂ ಹಸಿರಾಗಿ, ಬಿಗಿಯಾಗಿ ಮುಚ್ಚಿಕೊಂಡಿತ್ತು. ಮಗಳು ಬೆರಳಿಟ್ಟು ಎಣಿಸಲು ಶುರು ಮಾಡಿದಳು. ಇಪ್ಪತ್ತೇಳಕ್ಕೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಮೂಗಿನ ತುದಿಯೆಲ್ಲ ಹಳದಿ. ಹತ್ತು ನಿಮಿಷ ಅವಳು ಅಲ್ಲಿಂದ ಅಲುಗಾಡಲಿಲ್ಲ.

ಅಷ್ಟು ಹೊತ್ತಿಗೆ ಅಮ್ಮ ಕಾರಿನ ಬಾಗಿಲು ತೆಗೆದು ಅಂಚಿನಲ್ಲಿ ಕೂತಿದ್ದರು. ಇಡೀ ಜಾಗದಲ್ಲಿ ನೆರಳು ಅಂತ ಇದ್ದದ್ದು ಅದೊಂದೇ. ಮಗುವಿನ ಮುಖ ಕೆಂಪಗಾಗಿತ್ತು. ದಿನವೆಲ್ಲ ಇರೋಣ ಎಂದು ಹೋದವರು ಒಂದೂವರೆ ಗಂಟೆಯಲ್ಲಿ ಹೊರಟೆವು.

ಈ ಪತ್ರ ಬರೆಯುತ್ತಿರುವುದು ಆ ಒಂದು ಜಾಗದ ಮೇಲೆ ದೂರು ಹೇಳಲಿಕ್ಕಲ್ಲ. ಮೂರು ನಾಲ್ಕು ಬೇಸಿಗೆಯಿಂದ ಇಂಥ ಬೇರೆ ಬೇರೆ ಕಡೆ ಹೋಗಿದ್ದೇವೆ. ಹೂವಿನ ಹೊಲ, ಮೆಕ್ಕೆಜೋಳದ ಹೊಲದಲ್ಲಿ ಮಾಡಿದ ದಾರಿತಪ್ಪಿಸುವ ಆಟ, ನಾವೇ ಹಣ್ಣು ಕಿತ್ತುಕೊಳ್ಳುವ ತೋಟ, ಕುರಿಮರಿ ಮುಟ್ಟಿ ನೋಡುವ ದೊಡ್ಡಿ. ಎಲ್ಲ ಕಡೆ ನನಗೆ ಕಂಡದ್ದು ಒಂದೇ. ತಾಣವನ್ನು ರೂಪಿಸುವಾಗ ಕಣ್ಣಮುಂದೆ ಇರುವುದು ಮೊಬೈಲ್ ಹಿಡಿದ, ಗಟ್ಟಿಮುಟ್ಟಾದ, ಇಪ್ಪತ್ತೈದರ ವಯಸ್ಸಿನವರು. ಬರುವುದು ಮಾತ್ರ ಸಂಸಾರಗಳು. ನನ್ನ ಕೋರಿಕೆ ಇಷ್ಟೇ: ಬರುವವರಲ್ಲಿ ಎಲ್ಲರಿಗಿಂತ ಪುಟ್ಟವರು ಯಾರು, ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ನೋಡಿ, ಅವರ ಅಳತೆಗೆ ನಿಮ್ಮ ದಿನವನ್ನು ಹೊಂದಿಸಿ. ಅವರಿಗೆ ಒಗ್ಗಿದರೆ ಉಳಿದ ನಮಗೆಲ್ಲ ತಾನಾಗಿಯೇ ಒಗ್ಗುತ್ತದೆ.

ಮೊದಲನೆಯದು ಹೊತ್ತು. ಬಿಸಿಲಿನ ಕಾವು ಜೋರಾಗಿರುವುದು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ. ಹೆಚ್ಚಿನ ತಾಣಗಳು ತೆರೆದಿರುವುದೂ ಅದೇ ಹೊತ್ತಿನಲ್ಲಿ. ಪುಟ್ಟ ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ, ಕಾದ ನೆಲಕ್ಕೆ ಅವರ ಮುಖವೂ ಹತ್ತಿರ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆ ಆಗಿದ್ದೂ ತಡವಾಗಿ ಗೊತ್ತಾಗುತ್ತದೆ. ಹೊಲದಲ್ಲಿ ದುಡಿಯುವವರನ್ನು ಕೇಳಿ ನೋಡಿ, ಬೇಸಿಗೆಯಲ್ಲಿ ಅವರು ಯಾವಾಗ ಕೆಲಸಕ್ಕೆ ಇಳಿಯುತ್ತಾರೆ? ಬೆಳಕು ಹರಿಯುವ ಮೊದಲೇ ಅಲ್ವಾ? ಬಿಸಿಲೇರಿದ ಮೇಲೆ ಮರದ ಕೆಳಗೆ, ಮತ್ತೆ ಸಂಜೆ ಹೊಲಕ್ಕೆ. ಬರುವ ಜನರಿಗೂ ಅದೇ ವೇಳಾಪಟ್ಟಿ ಇಡಿ. ಆರೂವರೆಗೆ ಗೇಟು ತೆಗೆಯಿರಿ, ಹತ್ತೂವರೆಗೆ ಮುಚ್ಚಿ. ಸಂಜೆ ನಾಲ್ಕಕ್ಕೆ ಮತ್ತೆ ತೆಗೆಯಿರಿ. ಒಂದೇ ಟಿಕೆಟಿಗೆ ಎರಡೂ ಹೊತ್ತು ಬರಲು ಬಿಟ್ಟರೆ ದೂರದಿಂದ ಬಂದವರಿಗೂ ಅನುಕೂಲ.

ನೆರಳಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತಗ್ಗಾಗಿ ಕಟ್ಟಿದ ಪ್ಲಾಸ್ಟಿಕ್ ಶೀಟಿನ ಕೆಳಗೆ ಕೂತರೆ ಹೊರಗಿಗಿಂತ ಸೆಕೆ ಜಾಸ್ತಿ. ಕಾವು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮರದ ಕೆಳಗಿನ ತಂಪೇ ಬೇರೆ. ಎಲೆಗಳು ನೀರಾವಿ ಬಿಡುತ್ತಾ ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ. ಮರವಿದ್ದರೆ ಬೆಂಚು, ನೀರು, ಟಿಕೆಟ್ ಮೇಜು ಎಲ್ಲವೂ ಅದರ ಕೆಳಗೇ ಇರಲಿ. ಎಷ್ಟೋ ಕಡೆ ಮರದ ಕೆಳಗೆ ಸಿಬ್ಬಂದಿಯ ಬೈಕು ನಿಂತಿರುತ್ತವೆ, ಜನ ಬಿಸಿಲಲ್ಲಿ! ಮರ ಇಲ್ಲದಿದ್ದರೆ ಗರಿ ಹೊದಿಸಿದ ಅಥವಾ ಶೇಡ್ ನೆಟ್ ಕಟ್ಟಿದ ಚಪ್ಪರ ಎತ್ತರಕ್ಕೆ ಹಾಕಿ, ನಾಲ್ಕೂ ಬದಿ ತೆರೆದಿಡಿ. ನಡೆಯುವ ದಾರಿಯಲ್ಲಿ ಅಮ್ಮನಂಥವರು ಐದು ನಿಮಿಷಕ್ಕೊಮ್ಮೆ ಕೂರುವಂತೆ ಒಂದೊಂದು ಬೆಂಚು ಬೇಕು. ಕುಡಿಯುವ ನೀರನ್ನು ಮಾರಬೇಡಿ, ಕೊಡಿ.

ಮೆಕ್ಕೆಜೋಳದ ಆಟಕ್ಕೆ ಬರುತ್ತೇನೆ. ಇದು ನನಗೆ ತುಂಬ ಇಷ್ಟವಾದದ್ದು. ಇವತ್ತು ನಾವು ನೋಡುವ ಬಗೆಯ ಜೋಳದ ಹೊಲದ ಚಕ್ರವ್ಯೂಹ ಶುರುವಾದದ್ದು 1993ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಈಗ ಎಷ್ಟೋ ದೇಶಗಳಲ್ಲಿ ಇದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ಸನ್ ಎಂಬಲ್ಲಿ 60 ಎಕರೆಯ ಇಂಥ ಹೊಲ ಗಿನ್ನೆಸ್ ದಾಖಲೆ ಸೇರಿತು. ಮಾಡುವ ರೀತಿ ಚೆನ್ನಾಗಿದೆ. ಗೋಡೆ ಒತ್ತಾಗಲಿ ಎಂದು ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಬಿತ್ತುತ್ತಾರೆ. ಪೈರು ಇನ್ನೂ ಗಿಡ್ಡ ಇರುವಾಗಲೇ ನಕ್ಷೆ ಹಿಡಿದು ದಾರಿ ಕತ್ತರಿಸುತ್ತಾರೆ. ಕೆಲವೇ ವಾರಗಳಲ್ಲಿ ಅದು ಆಳೆತ್ತರ ಮೀರಿ ಹಸಿರು ಗೋಡೆಯಾಗುತ್ತದೆ. ಜನ ಬಂದು ಹೋದ ಮೇಲೆ ಅದೇ ಬೆಳೆ ಕಾಳಿಗೋ ಮೇವಿಗೋ ಆಗುತ್ತದೆ. ಏನೂ ವ್ಯರ್ಥವಿಲ್ಲ.

ಆದರೆ ಒಳಗೆ ಹೋದವರಿಗೆ ಗೊತ್ತು, ಅಲ್ಲಿ ಗಾಳಿ ಆಡುವುದಿಲ್ಲ. ಒತ್ತಾದ ಪೈರು ತೇವ ಬಿಡುತ್ತಿರುತ್ತದೆ, ಮೈಯೆಲ್ಲ ಬೆವರು. ಜೋಳದ ಗರಿಯ ಅಂಚು ಗರಗಸದ ಹಾಗೆ ತೋಳಿಗೆ ಗೀರುತ್ತದೆ. ಒಂದು ಮೀಟರ್ ಎತ್ತರದ ಮಗುವಿಗೆ ಕಾಣುವುದು ಎರಡು ಗೋಡೆ, ಒಂದು ತುಂಡು ಆಕಾಶ. ಮೊದಲ ಐದು ನಿಮಿಷ ಖುಷಿ. ಇಪ್ಪತ್ತನೇ ನಿಮಿಷಕ್ಕೆ ಅಳು. ಬಲಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆದರೆ ಹೊರಗೆ ಬರಬಹುದು ಅಂತ ನಮ್ಮವರು ಧೈರ್ಯ ಹೇಳಿದರು. ಅದು ಗೋಡೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಮಾತ್ರ ನಡೆಯುವ ಉಪಾಯ. ನಡುವೆ ಬಿಡಿಬಿಡಿ ತುಂಡು ಹೊಲ ಬಿಟ್ಟಿದ್ದರೆ ಅದನ್ನೇ ಸುತ್ತುತ್ತಾ ಇರುತ್ತೀರಿ. ನಾವು ಹಾಗೇ ಸುತ್ತಿದೆವು.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರ ಏನೂ ಬೇಡ. ಪ್ರತಿ ಸಂಸಾರಕ್ಕೆ ಉದ್ದನೆ ಕೋಲಿಗೆ ಕಟ್ಟಿದ ಬಾವುಟ ಕೊಡಿ. ಸಾಕಾದಾಗ ಅದನ್ನು ಎತ್ತಿ ಆಡಿಸಿದರೆ ಅಟ್ಟಣೆಯ ಮೇಲೆ ನಿಂತವರು ದಾರಿ ತೋರಿಸಲಿ. ನಡುನಡುವೆ ನೇರ ಹೊರಗೆ ಬರುವ ದಾರಿ ಇರಲಿ. ಐದಾರು ವರ್ಷದವರಿಗೆ ಅಂತಲೇ ಹತ್ತು ನಿಮಿಷದ ಸಣ್ಣ ಆಟ ಬೇರೆ ಮಾಡಿ. ತುಂಬು ತೋಳಿನ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಮೊದಲೇ ತಿಳಿಸಿ.

ಒಳಗೆ ಅಲ್ಲಲ್ಲಿ ಕಾರ್ಟೂನ್ ಬೊಂಬೆ ನಿಲ್ಲಿಸಿ ಪ್ರಶ್ನೆ ಬರೆದಿರುತ್ತೀರಲ್ಲ, ಆ ಜಾಗದಲ್ಲಿ ಜೋಳದ ಗಿಡವನ್ನೇ ತೋರಿಸಿ ಎಂಬುದು ನನ್ನ ಆಸೆ. ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳಿರುತ್ತವೆ. ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಹೋಗಿ ಸೇರುತ್ತದೆ. ಗಿಡದ ತುದಿಯ ಗಂಡುಹೂವಿನಿಂದ ಉದುರುವ ಪುಡಿ ಆ ಎಳೆಯ ಮೇಲೆ ಬಿದ್ದರೆ ಕಾಳು ಕಟ್ಟುತ್ತದೆ, ಬೀಳದಿದ್ದರೆ ಆ ಜಾಗ ಖಾಲಿ. ನಾವು ತಿನ್ನುವ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಯಾಕೆ ಇರುವುದಿಲ್ಲ ಎಂಬುದು ನನಗೆ ಗೊತ್ತಾದದ್ದೇ ಇತ್ತೀಚೆಗೆ. ಒಂದು ತೆನೆಯ ಸಿಪ್ಪೆಯನ್ನು ಹುಷಾರಾಗಿ ಬಿಚ್ಚಿ, ಎಳೆ ಕಾಳಿಗೆ ಅಂಟಿರುವುದನ್ನು ತೋರಿಸುವ ಒಬ್ಬರು ಅಲ್ಲಿ ನಿಂತಿದ್ದರೆ ಸಾಕು. ಮಕ್ಕಳು ಅದನ್ನು ಮರೆಯುವುದಿಲ್ಲ. ಹಾಗೆ ತೋರಿಸಬಲ್ಲವರು ನಿಮ್ಮ ಹೊಲದಲ್ಲೇ ಇದ್ದಾರೆ. ಅವರನ್ನು ಕಳೆ ಕೀಳುವ ಕೆಲಸದಿಂದ ಒಂದೆರಡು ಗಂಟೆ ಬಿಡಿಸಿ, ಕೂಲಿಯ ಮೇಲೆ ಒಂದಿಷ್ಟು ಜಾಸ್ತಿ ಕೊಟ್ಟು, ಮಕ್ಕಳ ಜೊತೆ ನಿಲ್ಲಿಸಿ.

ಹಣ್ಣಿನ ತೋಟಗಳಲ್ಲೂ ಅಷ್ಟೇ. ಕೈಗೆ ಡಬ್ಬಿ ಕೊಟ್ಟು ಸುಮ್ನೆ ಒಳಗೆ ಬಿಡುತ್ತೀರಿ. ಸ್ಟ್ರಾಬೆರಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ, ಗಿಡದಲ್ಲಿ ಎಷ್ಟು ಮಾಗಿತ್ತೋ ಅಷ್ಟೇ. ಇದನ್ನು ಯಾರೂ ಹೇಳದ ಕಾರಣ ಮಕ್ಕಳು ಅರೆಬಿಳಿ ಕಾಯಿಗಳನ್ನೇ ತುಂಬಿಕೊಂಡು ಬರುತ್ತಾರೆ. ಮೇಲಿನ ಭುಜದ ತನಕ ಕೆಂಪಾಗಿದೆಯಾ ನೋಡು, ಹಣ್ಣನ್ನು ಎಳೆಯಬೇಡ, ತೊಟ್ಟನ್ನು ಉಗುರಲ್ಲಿ ಚಿವುಟು ಎಂದು ಒಂದು ಮಾತು ಹೇಳಿದರೆ ನಿಮ್ಮ ಗಿಡವೂ ಉಳಿಯುತ್ತದೆ, ಅವರ ಡಬ್ಬಿಯೂ ಚೆನ್ನಾಗಿರುತ್ತದೆ.

ಇನ್ನು ದೊಡ್ಡಿಯ ವಿಷಯ. ಇಲ್ಲಿ ಅಧಿಕಾರಿಗಳಿಗೆ ನನ್ನ ಮನವಿ ಜೋರಾಗಿಯೇ ಇದೆ.

ಕರು, ಕುರಿ, ಮೇಕೆಗಳು ನೋಡಲು ಆರೋಗ್ಯವಾಗಿಯೇ ಇದ್ದರೂ ಅವುಗಳ ಕರುಳಿನಲ್ಲಿ ಇ. ಕೊಲಿ ಒ157 ಎಂಬ ಬ್ಯಾಕ್ಟೀರಿಯಾ ಇರಬಹುದು. ಸಗಣಿಯಿಂದ ಮೈಕೂದಲಿಗೆ, ಬೇಲಿಗೆ, ಅಲ್ಲಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ದೊಡ್ಡವರಿಗೆ ಹೊಟ್ಟೆನೋವು, ಭೇದಿಯಲ್ಲಿ ಮುಗಿಯಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಕಿಡ್ನಿಗೇ ಪೆಟ್ಟು ಕೊಡುವ ಅಪಾಯ ಹೆಚ್ಚು. 2009ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸರ್ರೆ ಪ್ರದೇಶದ ಒಂದು ತೆರೆದ ಫಾರ್ಮಿನಿಂದ ಹೀಗೇ ಸೋಂಕು ಹರಡಿ 93 ಜನರಿಗೆ ತಗುಲಿತು. ಅವರಲ್ಲಿ ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳು. ಕೆಲವು ಮಕ್ಕಳಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಹಾಗಂತ ಕುರಿಮರಿ ಮುಟ್ಟಿಸಬೇಡಿ ಎನ್ನುವುದಿಲ್ಲ. ಮುಟ್ಟಿಸಲೇಬೇಕು. ಬೇಕಾದದ್ದು ಹರಿಯುವ ನೀರು, ಸೋಪು ಮತ್ತು ಮಗುವಿನ ಎದೆಮಟ್ಟಕ್ಕೆ ಬರುವ ನಲ್ಲಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಸಗಣಿ, ಮಣ್ಣು ಮೆತ್ತಿದ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನಾನು ನೋಡಿದ ಒಂದು ಕಡೆ ನಲ್ಲಿಯೇನೋ ಇತ್ತು, ನನ್ನ ಭುಜದೆತ್ತರಕ್ಕೆ. ಮಗಳನ್ನು ಎತ್ತಿ ಹಿಡಿದರೆ ಕೈ ಉಜ್ಜಲು ಇನ್ನೊಬ್ಬರು ಬೇಕು. ಸೋಪಿನ ಡಬ್ಬಿ ಖಾಲಿ. ಪಕ್ಕದಲ್ಲೇ ತಿಂಡಿ ಅಂಗಡಿ. ಮಕ್ಕಳು ಮರಿಗೆ ಹುಲ್ಲು ತಿನ್ನಿಸಿದ ಕೈಯಲ್ಲೇ ಐಸ್‌ಕ್ರೀಮ್ ಹಿಡಿದು ನೆಕ್ಕುತ್ತಿದ್ದರು. ದೊಡ್ಡಿಯಿಂದ ಹೊರಬರುವ ದಾರಿ ಕೈತೊಳೆಯುವ ಜಾಗದ ಮೂಲಕವೇ ಹೋಗಬೇಕು, ತಿನ್ನುವ ಜಾಗ ಅದರಾಚೆ ಇರಬೇಕು. ಇಷ್ಟಿಲ್ಲದೆ ಯಾರಿಗೂ ಅನುಮತಿ ಕೊಡಬೇಡಿ. ಕಾಗದದ ಮೇಲೆ ಸಹಿ ಹಾಕುವ ಮೊದಲು ಒಮ್ಮೆ ಹೋಗಿ, ಆ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿನ ಎತ್ತರದಿಂದ ಕೈ ಚಾಚಿ ನೋಡಿ.

ಮರಿಗಳಿಗೂ ಬಿಡುವು ಬೇಕು. ಇಡೀ ದಿನ ನೂರು ಕೈ ಸವರಿದರೆ ಅವಕ್ಕೂ ಸಾಕಾಗುತ್ತದೆ. ಜನರ ಕೈಗೆ ಸಿಗದೆ ಹೋಗಿ ಮಲಗಲು ಒಂದು ನೆರಳಿನ ಮೂಲೆ ಮಾಡಿಕೊಡಿ. ಅಲ್ಲಿಗೆ ಹೋದ ಮರಿಯನ್ನು ಕರೆಯಬಾರದು ಎಂದು ಮಕ್ಕಳಿಗೆ ಹೇಳಿ. ಅವರು ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಅಧಿಕಾರಿಗಳು ಇನ್ನೆರಡು ಕಡೆ ಕಣ್ಣು ಹಾಯಿಸಬೇಕು. ಒಂದು, ಹೊಲದ ನೀರಿನ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಜಾರುಬಂಡಿ ಇದ್ದಂತೆ. ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ, ದೊಡ್ಡವರಿಗೂ. ಸುತ್ತ ಬೇಲಿ, ಬೀಗ ಹಾಕಿದ ಗೇಟು, ಒಳಗೆ ಇಳಿಬಿಟ್ಟ ಗಂಟುಹಗ್ಗ ಇಲ್ಲದಿದ್ದರೆ ಅಲ್ಲಿ ಜನರನ್ನು ಸೇರಿಸಲೇಬಾರದು. ಇನ್ನೊಂದು, ಪಾರ್ಕಿಂಗ್. ಬೋಳು ಬಯಲಲ್ಲಿ ನಿಲ್ಲಿಸಿದ ಕಾರು ಎಷ್ಟು ಕಾಯುತ್ತದೆ ಎಂಬ ಬಗ್ಗೆ ಅಮೆರಿಕದಲ್ಲಿ 2005ರಲ್ಲಿ ಒಂದು ಅಧ್ಯಯನ ಬಂದಿತ್ತು. ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಗಿತ್ತು. ಕಿಟಕಿ ಚೂರು ಇಳಿಸಿದ್ದರಿಂದ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಕೂರಲು ಬೇರೆ ನೆರಳಿಲ್ಲದ ಕಡೆ ಮಲಗಿದ ಮಗುವನ್ನು "ಐದು ನಿಮಿಷ" ಎಂದು ಕಾರಿನಲ್ಲೇ ಬಿಡುವ ಮನಸ್ಸು ಅಪ್ಪ ಅಮ್ಮಂದಿರಿಗೆ ಬರುತ್ತದೆ. ನಮಗೂ ಆ ದಿನ ಬಂದಿತ್ತು. ಹೀಗೆ ಬರೆಯಲು ಕಷ್ಟವಾಗುತ್ತದೆ, ಆದರೆ ಬಂದಿತ್ತು.

ರೈತರ ಕಷ್ಟ ನನಗೆ ಗೊತ್ತಿಲ್ಲದಿಲ್ಲ. ಒಂದು ಸಲ ಬಿತ್ತಿದ ಸೂರ್ಯಕಾಂತಿ ಹೊಲ ಚೆನ್ನಾಗಿ ಕಾಣುವುದೇ ಎರಡು ಮೂರು ವಾರ. ಆ ಮೂರು ವಾರಾಂತ್ಯದಲ್ಲಿ ಖರ್ಚು ಹುಟ್ಟಬೇಕು. ಮಳೆಯೋ ಗಾಳಿಯೋ ಬಂದರೆ ಅದೂ ಇಲ್ಲ. ತುಂಡುತುಂಡಾಗಿ, ಹತ್ತು ಹದಿನೈದು ದಿನ ಬಿಟ್ಟು ಬಿತ್ತುವವರಿದ್ದಾರೆ, ಒಂದು ತುಂಡು ಬಾಡುವಾಗ ಇನ್ನೊಂದು ಅರಳಲಿ ಎಂದು. ಒಳ್ಳೆಯ ಉಪಾಯ. ಹೂವು ಇನ್ನೂ ಅರಳದಿದ್ದರೆ, ಅಥವಾ ಆಗಲೇ ತಲೆ ಬಾಗಿದ್ದರೆ, ಅದನ್ನೂ ಇದ್ದ ಹಾಗೇ ಹೇಳಿ. ಹೋದ ವರ್ಷದ ಫೋಟೊ ಹಾಕಬೇಡಿ, ಇವತ್ತಿನದು ಹಾಕಿ. ಕಾಳು ಕಟ್ಟುತ್ತಿರುವ ಹೊಲ ನೋಡಲೂ ಜನ ಬರುತ್ತಾರೆ. ಕಾಳು ತಿನ್ನಲು ಬರುವ ಹಕ್ಕಿಗಳನ್ನು ತೋರಿಸಿದರೆ ನನ್ನ ಮಗಳು ಎರಡು ಸಲ ಬರುತ್ತಾಳೆ.

ನಮ್ಮಂಥ ನೋಡುಗರಿಗೂ ಒಂದು ಮಾತು ಇಲ್ಲೇ ಹೇಳಬೇಕು. 2018ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಬೀಜದ ವ್ಯಾಪಾರ ಮಾಡುವ ಒಂದು ಕುಟುಂಬ ತಮ್ಮ ಸೂರ್ಯಕಾಂತಿ ಹೊಲಕ್ಕೆ ಫೋಟೊ ತೆಗೆಯಲು ಜನರನ್ನು ಬಿಟ್ಟಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ನುಗ್ಗಿದರು. ರಸ್ತೆಯಲ್ಲಿ ಕಾರುಗಳು ಜಾಮ್ ಆದವು, ಗಿಡಗಳು ಮುರಿದವು. ಕೊನೆಗೆ ಅವರು ಗೇಟು ಹಾಕಿಬಿಟ್ಟರು. ಸಾಲಿನ ನಡುವೆ ನುಗ್ಗಿ ಫೋಟೊ ತೆಗೆಯುವಾಗ ನಾವು ತುಳಿಯುವುದು ಒಬ್ಬರ ಒಂದು ವರ್ಷದ ದುಡಿಮೆಯನ್ನು. ಗಿಡಕ್ಕೆ ಕೈ ಹಾಕುವ ಮೊದಲು ಕೇಳೋಣ. ತಂದ ಕಸವನ್ನು ವಾಪಸ್ ಒಯ್ಯೋಣ. ನೆರಳು, ನೀರು, ನಲ್ಲಿಗೆ ಟಿಕೆಟಿನ ಮೇಲೆ ಸ್ವಲ್ಪ ಜಾಸ್ತಿ ಕೇಳಿದರೆ ಕೊಡೋಣ. ನಾನಂತೂ ಸಂತೋಷದಿಂದ ಕೊಡುತ್ತೇನೆ.

ಆ ದಿನ ಹೊರಡುವಾಗ ಆ ಹೆಂಗಸು ಒಣಗಿದ ಒಂದು ಹೂವಿನ ತಟ್ಟೆಯನ್ನು ಮಗಳ ಕೈಗಿಟ್ಟರು. ಅದು ಈಗಲೂ ನಮ್ಮ ಕಿಟಕಿಯ ಮೇಲಿದೆ. ಕಾಳುಗಳು ಸುರುಳಿ ಸುರುಳಿಯಾಗಿ ಕೂತಿವೆ, ಒಂದಷ್ಟು ಉದುರಿವೆ. ಉದುರಿದವನ್ನು ಮಗಳು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಾಳೆ. ಬೇಸಿಗೆ ಬಂದ ಕೂಡಲೇ "ಆ ಅಜ್ಜಿಯ ಹೊಲಕ್ಕೆ ಹೋಗೋಣ" ಅಂತ ಶುರು ಮಾಡಿದ್ದಾಳೆ. ಅಮ್ಮ ಮಾತ್ರ "ನೀವು ಹೋಗಿಬನ್ನಿ, ನಾನು ಮನೇಲಿರ್ತೀನಿ" ಎನ್ನುತ್ತಿದ್ದಾರೆ. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಈ ಸಲ ನಿಮ್ಮ ಗೇಟು ಎಷ್ಟು ಗಂಟೆಗೆ ತೆಗೆಯುತ್ತೀರಿ, ಒಳಗೆ ಕೂರಲು ನೆರಳಿದೆಯೇ ಎಂದು ತಿಳಿಸಿ. ಅಮ್ಮನಿಗೆ ಹೇಳಬೇಕು.

ಇತಿ,
ಇಬ್ಬರು ಮಕ್ಕಳ ತಾಯಿ